ಬೋಳುಮರದ ಪಾಠ

ಜಾನ್ ರಸ್ಕಿನ್ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಗಾಂಧೀಜಿ. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟ ರೈಲಿನಲ್ಲಿ ಅವರು ನಿದ್ದೆಗೆಟ್ಟು ಓದಿದ ‘ಅನ್‌ಟು ದಿಸ್ ಲಾಸ್ಟ್’, ಮುಂದೆ ಅವರ ಕೈಯಲ್ಲಿ ‘ಸರ್ವೋದಯ’ವಾದದ್ದು, ರಸ್ಕಿನ್ ಬರೆದ ಪುಸ್ತಕ. ಅದೇ ರಸ್ಕಿನ್ ಡ್ರಾಯಿಂಗ್ ಮೇಷ್ಟ್ರೂ ಆಗಿದ್ದ ಎಂಬುದು ನನಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ, ಬಿಟ್ಟುಹೋಗಿದ್ದ ಪೆನ್ಸಿಲ್ ಮತ್ತೆ ಕೈಗೆ ಬಂದಾಗ. ಲಂಡನ್ನಿನಲ್ಲಿ ದುಡಿಯುವ ಜನರಿಗಾಗಿ 1854ರಲ್ಲಿ ತೆರೆದ ವರ್ಕಿಂಗ್ ಮೆನ್ಸ್ ಕಾಲೇಜಿನಲ್ಲಿ ಅವನು ಚಿತ್ರ ಕಲಿಸುತ್ತಿದ್ದ. ಆ ಅನುಭವದ ಬಲದ ಮೇಲೆ 1857ರಲ್ಲಿ ‘ದಿ ಎಲಿಮೆಂಟ್ಸ್ ಆಫ್ ಡ್ರಾಯಿಂಗ್’ ತಂದ. ಕಲಿಯುವವನಿಗೆ ಬರೆದ ಮೂರು ದೀರ್ಘ ಪತ್ರಗಳ ಪುಸ್ತಕ ಅದು. ಬಯಲಿಗೆ ಹೋಗಿ ಮರ, ಕಲ್ಲು, ಮೋಡಗಳನ್ನು ಬರೆಯಲು ಕಲಿಸುವ ಕೈಪಿಡಿಗಳು ಎಷ್ಟು ಬಂದರೂ ಇದನ್ನು ಮೂಲೆಗೆ ತಳ್ಳಲು ಆಗಿಲ್ಲ. ಎರಡು ವರ್ಷ ಇದನ್ನು ಹಿಡಿದು ಮರಗಳ ಕೆಳಗೆ ಕೂತ ಮೇಲೆ ನನಗೆ ಇದರ ಮೇಲೆ ಗೌರವವೂ ಇದೆ, ಒಂದು ತಕರಾರೂ ಇದೆ.

ಮೊದಲು ನಾನು ಎಲ್ಲಿಂದ ಹೊರಟೆ ಎನ್ನುವುದನ್ನು ಹೇಳಬೇಕು. ಶಾಲೆಯಲ್ಲಿ ನಾವು ‘ಸೀನರಿ’ ಬರೆದವರು. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಹಾವಿನಂತೆ ಇಳಿದುಬರುವ ಹೊಳೆ, ದಡದಲ್ಲಿ ಒಂದು ಗುಡಿಸಲು, ಗುಡಿಸಲ ಮೇಲೆ ಬಾಗಿದ ತೆಂಗಿನಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ನಮ್ಮೂರಲ್ಲಿ ಹೊಳೆಯೂ ಇರಲಿಲ್ಲ, ಗುಡ್ಡವೂ ಇರಲಿಲ್ಲ. ಲೋಯರ್ ಡ್ರಾಯಿಂಗ್ ಪರೀಕ್ಷೆಯನ್ನು ಇದೇ ಬಂಡವಾಳದಲ್ಲಿ ಪಾಸು ಮಾಡಿದೆ. ನಮ್ಮ ಮರ ಎಂದರೆ ಎರಡು ಗೆರೆಯ ಕಾಂಡ, ಅದರ ಮೇಲೆ ಒಂದು ಹೂಕೋಸು.

ರಸ್ಕಿನ್ ಈ ಹೂಕೋಸಿನ ಬುಡಕ್ಕೇ ಕೈ ಹಾಕುತ್ತಾನೆ, ಆದರೆ ತಕ್ಷಣ ಅಲ್ಲ. ಮೊದಲ ಪಾಠ ಒಂದು ಚೌಕ. ಪೆನ್ನಿನಲ್ಲಿ ಗೆರೆ ಮೇಲೆ ಗೆರೆ ಎಳೆದು, ಅಡ್ಡಗೆರೆ ಹಾಯಿಸಿ, ಇಡೀ ಚೌಕವನ್ನು ಒಂದೇ ಸಮನಾದ ಬೂದುಬಣ್ಣಕ್ಕೆ ತರಬೇಕು. ಆಮೇಲೆ ಕಡುವಿನಿಂದ ತಿಳಿಗೆ ಇಳಿಯುವ ಛಾಯೆ. ಇವೆಲ್ಲ ಬೇಸರದ ಕೆಲಸ. ದಿನಕ್ಕೊಂದು ಗಂಟೆಯಂತೆ ಆರು ತಿಂಗಳು, ಇಲ್ಲವೇ ಹೇಗಾದರೂ ಹಂಚಿಕೊಂಡು ಒಟ್ಟು 150 ಗಂಟೆ ದುಡಿದರೆ ಬೇಕಾದದ್ದನ್ನು ಇದ್ದಂತೆಯೇ ಬರೆಯುವಷ್ಟು ಕೈ ಬರುತ್ತದೆ ಎಂದು ಮೊದಲ ಪತ್ರದ ಆರಂಭದಲ್ಲೇ ಲೆಕ್ಕ ಕೊಡುತ್ತಾನೆ. ‘ಏಳು ದಿನದಲ್ಲಿ ಜಲವರ್ಣ’ ಎಂದು ಆಸೆ ತೋರಿಸುವ ಇಂದಿನ ವಿಡಿಯೋಗಳ ಎದುರು ಈ ಲೆಕ್ಕ ಪ್ರಾಮಾಣಿಕವಾಗಿ ಕಾಣುತ್ತದೆ. ನಾನು ಸ್ಕೆಚ್ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಗಂಟೆಗೊಂದು ಗೀಟು ಹಾಕುತ್ತ ಬಂದೆ.

ಪುಸ್ತಕದ ಜೀವ ಇರುವುದು ಆರನೆಯ ಅಭ್ಯಾಸದಲ್ಲಿ. ಎಲೆ ಉದುರಿ ಬೋಳಾದ ಒಂದು ಮರ ಆರಿಸಿಕೋ, ಅದು ಆಕಾಶಕ್ಕೋ ತಿಳಿಬಣ್ಣದ ಗೋಡೆಗೋ ಎದುರಾಗಿರಲಿ, ಕೊಂಬೆಗಳು ಉರುಟು ಎಂಬುದನ್ನು ಮರೆತುಬಿಡು, ಅವನ್ನು ನಕ್ಷೆಯಲ್ಲಿ ಇಳಿಸಬೇಕಾದ ಕಪ್ಪು ನದಿಗಳು ಎಂದುಕೋ, ಎನ್ನುತ್ತಾನೆ. ಇದಕ್ಕಿಂತ ನನಗೆ ಹಿಡಿಸಿದ್ದು ಇದರ ಬೆನ್ನಿಗೇ ಬರುವ ಸೂಚನೆ. ಕೊಂಬೆಗಳ ನಡುವಿನ ಬಿಳಿ ಸಂದುಗಳನ್ನೂ ಅಷ್ಟೇ ಕಟ್ಟುನಿಟ್ಟಾಗಿ ನೋಡಬೇಕು. ಅವು ಕೋರ್ಟಿನಲ್ಲಿ ವ್ಯಾಜ್ಯಕ್ಕೆ ಬಿದ್ದಿರುವ ಸಣ್ಣ ಸಣ್ಣ ಜಮೀನುಗಳು, ಮೂಲೆ ತಪ್ಪಿದರೆ ದಂಡ ತೆರಬೇಕು ಎಂಬಂತೆ. ನಮ್ಮ ತಂದೆ ಕಂದಾಯ ಇಲಾಖೆಯಲ್ಲಿದ್ದವರು. ಹದ್ದುಬಸ್ತು ಎಂಬ ಪದ ನಮ್ಮನೆಯಲ್ಲಿ ಊಟದ ಹೊತ್ತಿನ ಮಾತು. ಇಂಗ್ಲೆಂಡಿನ ಪುಸ್ತಕವೊಂದು ಮರವನ್ನು ಹದ್ದುಬಸ್ತು ಮಾಡು ಎಂದಾಗ ನನಗೆ ಯಾವ ವಿವರಣೆಯೂ ಬೇಕಾಗಲಿಲ್ಲ.

ಮನೆ ಹತ್ತಿರದ ಪಾರ್ಕಿನಲ್ಲಿ ಒಂದು ಅರಳಿಮರವಿದೆ. ಫೆಬ್ರವರಿಯ ಒಂದು ಬೆಳಿಗ್ಗೆ ಅದು ಬೋಳಾಗಿ ನಿಂತಿದ್ದಾಗ ಕಲ್ಲುಬೆಂಚಿನ ಮೇಲೆ ಕೂತೆ. ಪೆನ್ಸಿಲನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಕಾಂಡದ ದಪ್ಪ ಎಷ್ಟು, ಮೊದಲ ಕವಲಿನವರೆಗಿನ ಎತ್ತರ ಅದರ ಎಷ್ಟು ಪಾಲು ಎಂದು ಅಳೆದೆ. ಎಡಗಡೆಯ ದೊಡ್ಡ ಕೊಂಬೆ ಆಳೆತ್ತರಕ್ಕೆ ಏರಿ, ಹೊರಗೆ ಬಾಗಿ, ಮತ್ತೆ ಮೇಲಕ್ಕೆ ಹೋಗಿತ್ತು. ಅದನ್ನು ಆನೆಯ ಸೊಂಡಿಲಿನ ಹಾಗೆ ಒಂದೇ ಬಳುಕಿನಲ್ಲಿ ಎಳೆದೆ. ನನಗೇ ಮೆಚ್ಚುಗೆಯಾಯಿತು. ಪಾರ್ಕಿನ ಮಾಲಿ ಪೈಪು ಹಿಡಿದುಕೊಂಡೇ ಬಂದು ಬೆನ್ನ ಹಿಂದೆ ನಿಂತ.

“ಮರ ಬರೀತಾ ಇದೀರಾ ಸಾರ್? ಚೆನ್ನಾಗೈತೆ. ಆದ್ರೆ ಆ ಕೊಂಬೆ ಹಂಗೆ ಬಗ್ಗಿಲ್ಲ.”

“ಬಗ್ಗಿದೆಯಲ್ಲಪ್ಪ, ನೋಡು.”

“ಅದು ಬಗ್ಗಿದ್ದಲ್ಲ ಸಾರ್, ಮುರಿದಿದ್ದು. ನೆಟ್ಟಗೆ ಹೋಗ್ತಿದ್ದಿದ್ದು ಗಾಳಿ ಮಳೇಲಿ ಮುರೀತು. ಪಕ್ಕದಲ್ಲಿ ಚಿಗುರಿದ್ದು ಹಂಗೇ ಹೋಯ್ತು. ಗಂಟು ಕಾಣಾಕಿಲ್ವ?”

ಅವನು ಹೇಳಿದ ಮೇಲೆ ಗಂಟು ಕಂಡಿತು. ಮುಷ್ಟಿಯಷ್ಟು ದಪ್ಪದ, ಸುತ್ತ ತೊಗಟೆ ಮಡಚಿಕೊಂಡ ಗಂಟು. ಅಲ್ಲಿಂದ ಕೊಂಬೆ ಬಳುಕಿರಲಿಲ್ಲ, ಮೊಣಕೈಯಂತೆ ತಿರುಗಿತ್ತು. ಮುಕ್ಕಾಲು ಗಂಟೆ ಅದನ್ನೇ ದಿಟ್ಟಿಸಿದ್ದ ನನ್ನ ಕಣ್ಣಿಗೆ ಅದುವರೆಗೆ ಅದು ಬಿದ್ದೇ ಇರಲಿಲ್ಲ.

ನನ್ನ ತಕರಾರು ಹುಟ್ಟಿದ್ದು ಅಲ್ಲಿ. ರಸ್ಕಿನ್ನನ ಹೆಸರಿನ ಜೊತೆ ಸದಾ ಅಂಟಿಕೊಂಡು ಬರುವ ಮಾತು ‘ಮುಗ್ಧ ಕಣ್ಣು’. ಇದೇ ಪುಸ್ತಕದ ಮೊದಲ ಪತ್ರದ ಒಂದು ಅಡಿಟಿಪ್ಪಣಿಯಲ್ಲಿ ಅದು ಬರುತ್ತದೆ. ನಾವು ನಿಜವಾಗಿ ಕಾಣುವುದು ಬರೀ ಬಣ್ಣದ ತೇಪೆಗಳನ್ನು. ಉಬ್ಬು, ತಗ್ಗು, ದೂರ ಎಲ್ಲ ಅನುಭವ ಸೇರಿಸಿದ್ದು. ಬರೆಯುವವನು ಮಗುವಿನ ಹಾಗೆ, ಇದೀಗ ದೃಷ್ಟಿ ಬಂದ ಕುರುಡನ ಹಾಗೆ ನೋಡಬೇಕು ಎಂಬುದು ಅದರ ಸಾರ. ಬಿಸಿಲು ಬಿದ್ದ ಹುಲ್ಲು ಹಳದಿಯಾಗಿ ಕಂಡರೂ ಹುಲ್ಲು ಹಸಿರು ಎಂದು ಗೊತ್ತಿರುವುದರಿಂದ ಹಸಿರೇ ಬಳಿಯುತ್ತೇವೆ ಎನ್ನುತ್ತಾನೆ. ಬಣ್ಣದ ಮಟ್ಟಿಗೆ ಇದು ಚಿನ್ನದಂಥ ಮಾತು. ಬಿಳಿ ರಟ್ಟಿನಲ್ಲಿ ಬಟಾಣಿಯಷ್ಟು ತೂತು ಕೊರೆದು ಅದರ ಮೂಲಕ ಒಂದೊಂದೇ ಬಣ್ಣ ನೋಡು ಎಂಬ ಅವನ ಉಪಾಯವನ್ನು ಲಾಲ್‌ಬಾಗಿನ ಹುಲ್ಲುಹಾಸಿನ ಮೇಲೆ ಮಾಡಿ ನೋಡಿದೆ. ಹತ್ತೂವರೆ ಗಂಟೆಯ ಬಿಸಿಲಲ್ಲಿ ಹುಲ್ಲು ಹಸಿರಿರಲಿಲ್ಲ, ಹಳೆಯ ಹಿತ್ತಾಳೆ ಬಣ್ಣಕ್ಕಿತ್ತು.

ಆದರೆ ಗೆರೆಯ ಮಟ್ಟಿಗೆ? ಏನೂ ತಿಳಿಯದೆ ನೋಡುವ ಕಣ್ಣು ಏನನ್ನೂ ಕಾಣುವುದಿಲ್ಲ. ಕಲಾ ಇತಿಹಾಸಕಾರ ಗಾಂಬ್ರಿಕ್ 1960ರಲ್ಲಿ ‘ಆರ್ಟ್ ಅಂಡ್ ಇಲ್ಯೂಷನ್’ ಬರೆದು ಈ ಮುಗ್ಧ ಕಣ್ಣನ್ನು ಕಟ್ಟುಕಥೆ ಎಂದು ತಳ್ಳಿಹಾಕಿದ. ಅಷ್ಟು ದೂರ ಹೋಗುವುದೂ ಬೇಡ, ರಸ್ಕಿನ್ನನನ್ನೇ ಸಾಕ್ಷಿಗೆ ಕರೆಯಬಹುದು. ಕೊಂಬೆ ಕವಲೊಡೆಯುವವರೆಗೆ ಸಪೂರವಾಗುವುದಿಲ್ಲ, ಕವಲೊಡೆದಲ್ಲಿ ಮಾತ್ರ ಆಗುತ್ತದೆ ಎಂದು 1843ರ ‘ಮಾಡರ್ನ್ ಪೇಂಟರ್ಸ್’ ಮೊದಲ ಸಂಪುಟದಲ್ಲೇ ಹಟ ಹಿಡಿದು ವಾದಿಸಿದವನು ಅವನು. ಈ ಪುಸ್ತಕದಲ್ಲೂ ಮರ ಒಂದೇ ಬುಡದಿಂದ ಕಾರಂಜಿಯಂತೆ ಚಿಮ್ಮುತ್ತದೆ, ಪ್ರತಿ ಕೊಂಬೆಗೂ ಸ್ವಾತಂತ್ರ್ಯ ಇದ್ದರೂ ಒಟ್ಟು ಶಿಸ್ತಿಗೆ ಅದು ತಲೆಬಾಗುತ್ತದೆ ಎಂದು ಕಲಿಸುತ್ತಾನೆ. ಇದು ಮಗುವಿನ ಕಣ್ಣಲ್ಲ. ಮರದ ಜಾತಕ ಬಲ್ಲ ಮಾಲಿಯ ಕಣ್ಣು. ಅಡಿಟಿಪ್ಪಣಿಯಲ್ಲಿ ಮರೆತುಬಿಡು ಎಂದವನು ಪಾಠದಲ್ಲಿ ತಿಳಿದುಕೋ ಎನ್ನುತ್ತಾನೆ. ಪಾಠವೇ ಸರಿ, ಪ್ರಸಿದ್ಧಿಗೆ ಬಂದದ್ದು ಮಾತ್ರ ಅಡಿಟಿಪ್ಪಣಿ.

ಎರಡನೆಯ ತೊಡಕು ಊರಿನದು. ಅವನ ವಿದ್ಯಾರ್ಥಿಗೆ ಚಳಿಗಾಲ ಉದ್ದಕ್ಕೂ ಓಕ್, ಎಲ್ಮ್ ಮರಗಳು ಬೋಳಾಗಿ ಪೋಸು ಕೊಟ್ಟು ನಿಲ್ಲುತ್ತವೆ. ಬೆಂಗಳೂರಿನ ಅರಳಿಗೆ ಅಷ್ಟು ವ್ಯವಧಾನವಿಲ್ಲ. ಮಾಲಿ ತೋರಿಸಿದ ಗಂಟನ್ನು ತಿದ್ದೋಣ ಎಂದು ಹತ್ತು ದಿನ ಬಿಟ್ಟು ಹೋದರೆ ಇಡೀ ಮರ ತಾಮ್ರದ ಬಣ್ಣದ ಚಿಗುರು ಹೊದ್ದು ಕೂತಿತ್ತು. ಮಾವು, ಹಲಸುಗಳ ಅಸ್ಥಿಪಂಜರ ನೋಡಬೇಕೆಂದರೆ ಅವು ಸಾಯಬೇಕು. ಇನ್ನು ಎಲೆ ಉದುರಿಸುವ ಮರಗಳು ಸುಮ್ಮನಿರುತ್ತವೆಯೇ? ಮುತ್ತುಗ, ಹಾಲುವಾಣ, ಬೂರುಗ, ಟಬೂಬಿಯಗಳು ಎಲೆ ಬಿಟ್ಟುಕೊಟ್ಟ ಜಾಗಕ್ಕೆ ಹೂ ತಂದುಕೊಳ್ಳುತ್ತವೆ. ಬಿಳಿ ಆಕಾಶದ ಮೇಲಿನ ಕಪ್ಪು ನದಿಗಳನ್ನು ಹುಡುಕಿ ಹೋದವನಿಗೆ ಎದುರಾಗುವುದು ಕೆಂಪು, ಗುಲಾಬಿ.

ಬೆಳಕೂ ಅಷ್ಟೇ. ಲಂಡನ್ನಿನಲ್ಲಿ ಕಡುಬೇಸಿಗೆಯ ನಡುಹಗಲಲ್ಲೂ ಸೂರ್ಯ 62 ಡಿಗ್ರಿಗಿಂತ ಮೇಲೇರುವುದಿಲ್ಲ. ದಿನವಿಡೀ ಓರೆ ಬೆಳಕು, ಒಂದು ಮಗ್ಗುಲಿಗೆ ನೆರಳು. ನಮ್ಮಲ್ಲಿ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಮೂರನೇ ವಾರದಲ್ಲೊಮ್ಮೆ ಸೂರ್ಯ ನೆತ್ತಿಯ ನೇರಕ್ಕೇ ಬಂದು ‘ಶೂನ್ಯ ನೆರಳಿನ ದಿನ’ ಎಂದು ಮಕ್ಕಳು ಕೋಲು ನೆಟ್ಟು ನೋಡುತ್ತಾರೆ. ಅಂಥ ಹೊತ್ತಿನಲ್ಲಿ ಮರ ಎಂದರೆ ಕಣ್ಣು ಕುಕ್ಕುವ ಒಂದು ತಾರಸಿ, ಅದರ ಕೆಳಗೆ ಕತ್ತಲೆ, ಅಷ್ಟೆ. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ ಎಂಬ ನಿಯಮವನ್ನು ಯಾವ ಪುಸ್ತಕವೂ ನನಗೆ ಹೇಳಲಿಲ್ಲ, ತಲೆನೋವು ಹೇಳಿಕೊಟ್ಟಿತು.

ಈ ಊರಿನ ಮರಗಳನ್ನು ಈ ಊರಿನ ಬೆಳಕಿನಲ್ಲೇ ಹಿಡಿದವರು ರುಮಾಲೆ ಚೆನ್ನಬಸವಯ್ಯನವರು (1910–1988). ಸ್ವಾತಂತ್ರ್ಯ ಹೋರಾಟದಿಂದ ಚಿತ್ರಕ್ಕೆ ಬಂದವರು. 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಆರಂಭಿಸುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದ. ಆ ಹೂವಿನ ಸರದಿಯನ್ನು ರುಮಾಲೆ ಬಣ್ಣದಲ್ಲಿ ಹಿಂಬಾಲಿಸಿದರು. ಅವರ ಗುಲ್‌ಮೊಹರ್‌ನಲ್ಲಿ ಕೊಂಬೆಯ ಹದ್ದುಬಸ್ತು ಹುಡುಕಿದರೆ ಸಿಗದು. ಕುಂಚದ ಸಣ್ಣ ಸಣ್ಣ ಏಟುಗಳೇ ಮರವಾಗಿವೆ. ಇದಕ್ಕೆ ಪೂರ್ತಿ ಬೇರೆ ದಾರಿ ಕೆ. ವೆಂಕಟಪ್ಪನವರದು. ಮೈಸೂರಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತ ಅವರ ಊಟಿ, ಕೊಡೈಕೆನಾಲ್ ಜಲವರ್ಣಗಳನ್ನು ಕಸ್ತೂರ್ಬಾ ರಸ್ತೆಯ ಅವರ ಹೆಸರಿನ ಗ್ಯಾಲರಿಯಲ್ಲಿ ನೋಡಿದವರಿಗೆ ಮಂಜಿನಲ್ಲಿ ಮರ ಎಷ್ಟು ಕರಗಬಹುದು ಎಂಬುದು ಗೊತ್ತು. ರಸ್ಕಿನ್ ಪಾಠದಿಂದ ವೆಂಕಟಪ್ಪನವರವರೆಗೆ ಒಂದು ದಾರಿ ಎಳೆಯಬಹುದು, ರುಮಾಲೆಯವರಲ್ಲಿಗೆ ಕಷ್ಟ.

ಕೊನೆಗೆ ಬಾಯಿಬಿಟ್ಟು ಹೇಳಲೇಬೇಕಾದ ಒಂದು ಕಹಿ ಸಂಗತಿ. ಈ ಪುಸ್ತಕ ಬಂದ ವರ್ಷವೇ ಇಲ್ಲಿ ಸಿಪಾಯಿಗಳ ದಂಗೆ. ಮರುವರ್ಷ, 1858ರ ಜನವರಿಯಲ್ಲಿ, ಲಂಡನ್ನಿನ ಕೆನ್ಸಿಂಗ್ಟನ್ ಮ್ಯೂಸಿಯಮ್ಮಿನಲ್ಲಿ ರಸ್ಕಿನ್ ಉಪನ್ಯಾಸ ಕೊಟ್ಟ. ಭಾರತೀಯ ಕಲೆ ಸೂಕ್ಷ್ಮವಾದದ್ದು, ಬಣ್ಣ ಬಲ್ಲದ್ದು, ಆದರೆ ನಿಸರ್ಗದ ಒಂದು ಸತ್ಯವನ್ನೂ ಅದು ಚಿತ್ರಿಸುವುದಿಲ್ಲ, ಹೂವಿನ ಬದಲು ಬಳ್ಳಿಸುರುಳಿ ಬರೆಯುತ್ತದೆ, ಅಂಥ ಕಲೆಯ ಜನ ಕ್ರೂರಿಗಳಾದದ್ದರಲ್ಲಿ ಆಶ್ಚರ್ಯವೇನು ಎಂಬ ಧಾಟಿ ಅದರದು. ಭಾರತಕ್ಕೆ ಅವನು ಕಾಲಿಟ್ಟವನೇ ಅಲ್ಲ. ಬೇಲೂರಿನ ಮದನಿಕೆಯರ ತಲೆಯ ಮೇಲೆ ಕಲ್ಲಿನ ಎಲೆಚಪ್ಪರವಿದೆ. ಅಲ್ಲಿ ಹಣ್ಣಿನ ಮೇಲೆ ಕೂತ ನೊಣವನ್ನೂ ಅದಕ್ಕೆ ಹೊಂಚುವ ಹಲ್ಲಿಯನ್ನೂ ಗೈಡುಗಳು ಕೋಲು ಎತ್ತಿ ತೋರಿಸುತ್ತಾರೆ. ಸುರುಳಿಯನ್ನೂ ಹಲ್ಲಿಯನ್ನೂ ಒಂದೇ ಉಳಿ ಕೆತ್ತಿದೆ. ಆ ಶಿಲ್ಪಿಗೆ ಮರದ ಸೂತ್ರ ಕೈಗತವಾಗಿದ್ದುದರಿಂದಲೇ ನೊಣಕ್ಕೆ ಎಲ್ಲಿ ಜಾಗ ಎಂಬುದು ತಿಳಿದಿತ್ತು. ಹತ್ತಿರ ಹೋಗಿ ನೋಡದೆ ಬರೆಯಬೇಡ ಎಂದು ಕಲಿಸಿದ ಮೇಷ್ಟ್ರು ಈ ವಿಷಯದಲ್ಲಿ ತಮ್ಮ ಮೊದಲ ಪಾಠವನ್ನೇ ತಪ್ಪಿದರು.

ಹಾಗೆಂದು ಪುಸ್ತಕ ಎತ್ತಿಟ್ಟೆನೇ? ಇಲ್ಲ. ಹೋದ ಡಿಸೆಂಬರಿನಲ್ಲಿ ಕೇತೋಹಳ್ಳಿಯ ದೊಡ್ಡ ಆಲದಮರಕ್ಕೆ ಅದನ್ನೇ ಬ್ಯಾಗಿನಲ್ಲಿಟ್ಟುಕೊಂಡು ಹೋದೆ. ಸುಮಾರು ಮೂರು ಎಕರೆ ಹರಡಿದ ಆ ಮರಕ್ಕೆ ಈಗ ಮೂಲ ಕಾಂಡವೇ ಇಲ್ಲ; ರೋಗ ಬಂದು ಸತ್ತು ವರ್ಷಗಳಾದವು. ಬಿಳಲುಗಳೇ ಕಾಂಡಗಳಾಗಿ ನಿಂತಿವೆ. ಒಂದೇ ಬುಡ, ಅದರಿಂದ ಚಿಮ್ಮುವ ಕಾರಂಜಿ ಎಂಬ ಸೂತ್ರ ಇಲ್ಲಿ ತಲೆಕೆಳಗು. ಕೊಂಬೆಯಿಂದ ಇಳಿದದ್ದು ಯಾವುದು, ನೆಲದಿಂದ ಎದ್ದದ್ದು ಯಾವುದು ಎಂದು ಅರ್ಧ ಗಂಟೆ ತಡಕಾಡಿ, ಸೋತು, ಮರವನ್ನು ಬಿಟ್ಟು ಬಿಳಲುಗಳ ನಡುವಿನ ಬೆಳಕಿನ ಸಂದುಗಳನ್ನಷ್ಟೇ ಬರೆಯಲು ತೊಡಗಿದೆ. ಉದ್ದನೆಯದೊಂದು, ಬಾಗಿಲಿನಂಥದೊಂದು, ಕೊಡಲಿಯ ಬಾಯಿಯಂಥದೊಂದು. ನಾಲ್ಕನೆಯದರ ಹೊತ್ತಿಗೆ ಒಂದು ಕೋತಿ ಬಂದು ರಬ್ಬರ್ ಎತ್ತಿಕೊಂಡು ಹೋಯಿತು. ತಿನ್ನುವ ವಸ್ತುವಲ್ಲ ಎಂದು ಅದಕ್ಕೆ ಗೊತ್ತಾಗುವಷ್ಟರಲ್ಲಿ ಅದು ಮೇಲಿನ ಕೊಂಬೆಯಲ್ಲಿತ್ತು. ಅಲ್ಲಿಂದ ಮುಂದಕ್ಕೆ ಪೆನ್ನಿನಲ್ಲೇ ಎಳೆದೆ. ರಟ್ಟಿನ ಮೇಲಿನ ಗೀಟುಗಳು ಆ ಸಂಜೆಗೆ ನೂರ ಹದಿಮೂರು. ಹಾಳೆಯಲ್ಲಿ ಹತ್ತು ಸಂದುಗಳಿವೆ. ಒಂಬತ್ತು ಸರಿಯಾಗಿವೆ, ಹತ್ತನೆಯದರ ಎಡಗಡೆಯ ಹದ್ದು ತಪ್ಪಿದೆ.