ನಾಲ್ಕೇ ಮಂದಿ

ತಾವರಗೇರಾದ ಕಟ್ಟಿ ಮ್ಯಾಲೆ ಹುಲಿ-ಕುರಿ ಆಡುವಾಗ ಒಂದು ಸಲಕ್ಕೆ ಒಂದೇ ಕಾಯಿ ನಡೆಸ್ತಿದ್ವಿ. 1992ರ ‘ಡ್ಯೂನ್ 2’ ಗೇಮಲ್ಲೂ ಹಂಗೇ, ಟ್ಯಾಂಕುಗಳನ್ನು ಒಂದೊಂದಾಗಿ ಆರಿಸಿ ಕಳಿಸಬೇಕು. 1994ರ ‘ವಾರ್‌ಕ್ರಾಫ್ಟ್’ಗೆ ಪ್ರೋಗ್ರಾಮರ್ ಪ್ಯಾಟ್ರಿಕ್ ವಯಟ್ ಹೊಸ ಕೋಡ್ ಬರೆದರು: ಮೌಸ್‌ನಿಂದ ಚೌಕ ಎಳೆದರೆ ಒಳಗಿದ್ದವರೆಲ್ಲ ಒಟ್ಟಿಗೆ ಹೊರಡುತ್ತಾರೆ. ಐಡಿಯಾ ಸಿಕ್ಕಿದ್ದು ಕ್ಯಾಡ್ ಸಾಫ್ಟ್‌ವೇರ್‌ನಿಂದ. ಮೊದಲು ಮಿತಿಯೇ ಇರಲಿಲ್ಲ. ತಂಡದೊಳಗೆ ವಾದವಾಗಿ 4ಕ್ಕೆ ನಿಲ್ಲಿಸಿದರು. ಗುಂಪು ನುಗ್ಗಿಸೋದು ಬಿಟ್ಟು ಆಟಗಾರ ಯೋಚಿಸಲಿ ಅಂತ. ‘ವಾರ್‌ಕ್ರಾಫ್ಟ್ 2’ರಲ್ಲಿ ಅದು 9 ಆಯ್ತು, ‘ಸ್ಟಾರ್‌ಕ್ರಾಫ್ಟ್’ನಲ್ಲಿ 12.

ಆ ನಾಲ್ಕು ನನಗೆ ಬರೀ ಕಿರಿಕಿರಿಯಾಗಿತ್ತು. ಈಗ ಆಫೀಸಲ್ಲಿ ನನ್ನ ಟೀಮಿನಲ್ಲಿ ಒಂಬತ್ತು ಮಂದಿ. ಒಂದೇ ಮೇಲ್‌ಗೆ ಎಲ್ಲರನ್ನೂ ಓಡಿಸಬಹುದು. ‘ಸೆಂಡ್’ ಒತ್ತೋ ಮುಂಚೆ ಕೈ ತಡೆಯುತ್ತೆ: ಯಾರು ಎಲ್ಲಿ ಸಿಕ್ಕಿಬಿದ್ದಾರೆ, ನೋಡಿದ್ನಾ? ಚೌಕ ಕೈಯ ಕೆಲಸ ಉಳಿಸಿತು, ನಿಜ. ಆದ್ರೆ ನನ್ನ ಪ್ರಕಾರ ಆ ಮಿತಿಯೇ ದೊಡ್ಡ ಕೊಡುಗೆ.