ಮುಳ್ಳಿನ ನಗರ: ಒಂದು ಗ್ರಂಥ ವಿಮರ್ಶೆ

ಕರುಣೆಯನ್ನು ಬೇಡುವ ಗ್ರಂಥಗಳು ಹಲವು. ವಿವೇಕವನ್ನು ಎಚ್ಚರಿಸುವಂಥವು ವಿರಳ. ಬೆನ್ ರಾಲೆನ್ಸರು 2016ರಲ್ಲಿ ಪ್ರಕಟಿಸಿದ ‘ಸಿಟಿ ಆಫ್ ಥಾರ್ನ್ಸ್’ ಎಂಬ ಇಂಗ್ಲಿಷ್ ಗ್ರಂಥವು ಎರಡನೆಯ ವರ್ಗಕ್ಕೆ ಸೇರತಕ್ಕುದು.

1991ರಲ್ಲಿ ಸೋಮಾಲಿಯದ ಸರ್ಕಾರವು ಕುಸಿದು ಅಂತರ್ಯುದ್ಧವು ಹಬ್ಬಲು, ಗಡಿ ದಾಟಿ ಬಂದವರಿಗಾಗಿ ನೆರೆಯ ಕೀನ್ಯ ದೇಶದ ದಾದಾಬ್ ಎಂಬಲ್ಲಿ ಬಿಡಾರಗಳು ಎದ್ದುವು. 90,000 ಜನಕ್ಕೆಂದು ಹವಣಿಸಿದ ಆ ಎಡೆಯಲ್ಲಿ 2011ರ ಕ್ಷಾಮದ ಹೊತ್ತಿಗೆ 4 ಲಕ್ಷಕ್ಕೂ ಮಿಕ್ಕ ಜನರು ತುಂಬಿದ್ದರು. ಅಲ್ಲಿ ಹುಟ್ಟಿದವರು ಅಲ್ಲಿಯೇ ತಾಯಿತಂದೆಗಳಾದರು. ಆದರೂ ಅದು ‘ತಾತ್ಕಾಲಿಕ’ವೆಂಬ ಮಾತು ಬದಲಾಗಲಿಲ್ಲ. ಅನುಮತಿಯಿಲ್ಲದೆ ಹೊರಗೆ ಹೋಗುವಂತಿಲ್ಲ. ಸ್ಥಿರವಾದ ಮನೆ ಕಟ್ಟುವಂತಿಲ್ಲ. ದುಡಿದರೆ ಸಂಬಳದ ಬದಲು ಅಲ್ಪ ಪ್ರೋತ್ಸಾಹಧನ. ಈ ಒಂದು ಮಾತಿನಿಂದ ಎಷ್ಟು ಬಾಳುಗಳು ಸವೆದುವೆಂಬುದೇ ಗ್ರಂಥದ ವಿಷಯ.

ಗ್ರಂಥಕರ್ತರು ಒಂಬತ್ತು ಮಂದಿಯ ಜೀವನವನ್ನು ಹೆಣೆದಿರುವರು. ಮೊಗದಿಶುವಿನಲ್ಲಿ ಅಲ್-ಶಬಾಬ್ ದಳದಿಂದ ತಪ್ಪಿಸಿಕೊಂಡು ಬಂದ ಹುಡುಗ, ಸಂತೆಯಲ್ಲಿ ಕೈಗಾಡಿ ನೂಕುವ ಕೂಲಿ, ಮತಭೇದವನ್ನು ಮೀರಿ ಮದುವೆಯಾಗಿ ಸ್ವಜನರ ರೋಷಕ್ಕೆ ಗುರಿಯಾದ ದಂಪತಿಗಳು: ಇವರಾರೂ ಬರಿಯ ದುಃಖದ ಬೊಂಬೆಗಳಲ್ಲ. ವ್ಯಾಪಾರ, ಜಗಳ, ಪ್ರೇಮ, ಚೆಂಡಾಟ ಎಲ್ಲವೂ ಅಲ್ಲಿಯೂ ಉಂಟು. ದೂರದೇಶದಲ್ಲಿ ನೆಲೆಸಬೇಕೆಂಬ ತೀರದ ಹಂಬಲಕ್ಕೆ ಆ ಜನರು ‘ಬೂಫಿಸ್’ ಎಂಬ ಹೆಸರಿಟ್ಟಿರುವರು. ಹಸಿವಿಗಿಂತಲೂ ಕಾಯುವಿಕೆಯೇ ಕ್ರೂರವೆಂಬುದು ಇಲ್ಲಿ ಮನದಟ್ಟಾಗುವುದು.

ದೋಷವಿಲ್ಲವೆಂದಲ್ಲ. ಕಥನವು ಕಾದಂಬರಿಯ ಧಾಟಿಯಲ್ಲಿ ಸಾಗುವುದರಿಂದ, ಪಾತ್ರಗಳ ಮನಸ್ಸಿನ ಮಾತುಗಳಲ್ಲಿ ಅವರು ಹೇಳಿದ್ದೆಷ್ಟು, ಲೇಖಕರು ಊಹಿಸಿದ್ದೆಷ್ಟು ಎಂಬ ಸಂದೇಹವು ಅಲ್ಲಲ್ಲಿ ಮೂಡುವುದು. ಒಂಬತ್ತು ಎಳೆಗಳು ಬೇಗಬೇಗ ಬದಲಾಗುವುದರಿಂದ, ಒಬ್ಬರ ಸಂಗಡ ನೆಲೆಸುವಷ್ಟರಲ್ಲಿ ಮತ್ತೊಬ್ಬರ ಕಡೆಗೆ ಹೊರಡಬೇಕಾಗುವುದು.

ಗ್ರಂಥವು ಹೊರಬಂದ ವರ್ಷವೇ ಕೀನ್ಯ ಸರ್ಕಾರವು ಬಿಡಾರಗಳನ್ನು ಮುಚ್ಚುವುದಾಗಿ ಸಾರಿತು. 2017ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು ಆ ನಿರ್ಣಯವನ್ನು ಸಂವಿಧಾನವಿರುದ್ಧವೆಂದು ತಳ್ಳಿಹಾಕಿತು. ಹೊರಗಟ್ಟುವುದು ತಪ್ಪಿತು, ನಿಜ. ಆದರೆ ಹೊರಗಟ್ಟದಿರುವುದೂ ಆಶ್ರಯ ನೀಡುವುದೂ ಒಂದೇ ಅಲ್ಲ. ಈ ಭೇದವನ್ನು ತಿಳಿಯಬಯಸುವ ವಾಚಕರು ಈ ಗ್ರಂಥವನ್ನು ಸಾವಧಾನದಿಂದ ಓದತಕ್ಕುದು.