ಅಳಿಸಿಹೋದ ಅನುಚ್ಛೇದ 238

ಮೈಸೂರಿನ 1923ರ ರೆಗ್ಯುಲೇಷನ್ನುಗಳ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಆದರೆ ಆರಂಭ ಅದಕ್ಕೂ ಹಿಂದಿನಿಂದ.

ಪ್ರಜಾಪ್ರತಿನಿಧಿ ಸಭೆಯ ಹೆಸರೆತ್ತಿದರೆ ಸಾಕು, ವೇದಿಕೆಗಳಲ್ಲಿ ಅಭಿಮಾನದ ಹೊಳೆ ಹರಿಯುತ್ತದೆ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಮುಂದೆ 144 ಪ್ರತಿನಿಧಿಗಳು ಸೇರಿದ್ದು ಹೆಮ್ಮೆಯ ಸಂಗತಿ, ಅದರಲ್ಲಿ ತಕರಾರಿಲ್ಲ. ಆದರೆ ಆ ಸಭೆಯನ್ನು ಹುಟ್ಟುಹಾಕಿದ್ದು ಆಗಸ್ಟ್ 25ರ ಒಂದು ಆಜ್ಞೆ. ದಿವಾನರ ವರದಿ ಕೇಳುವುದು, ಊರಿನ ಅಹವಾಲು ಹೇಳಿಕೊಳ್ಳುವುದು, ಅಷ್ಟೇ ಅದರ ಕೆಲಸ. ಶಾಸನದ ಆಧಾರ ಅದಕ್ಕೆ ಸಿಕ್ಕಿದ್ದು ಬ್ರಜೇಂದ್ರನಾಥ ಸೀಲ್ ಸಮಿತಿಯ ವರದಿಯ ನಂತರ, 1923ರ ರೆಗ್ಯುಲೇಷನ್ನಿನಿಂದ. ಸ್ಮರಣ ಸಂಚಿಕೆಗಳನ್ನು ನೋಡಿ ಭಾಷಣ ಬರೆಯುವವರು ಈ ನಾಲ್ಕು ದಶಕಗಳ ಅಂತರವನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತಾರೆ.

ಅವರು ಓದಬೇಕಾದ ಪಠ್ಯ ಅದೇ 1881ರ ಹಸ್ತಾಂತರ ಪತ್ರ. ನಾನು ಮತ್ತೆ ಮತ್ತೆ ಮರಳುವ ದಸ್ತಾವೇಜು ಅದು. ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ಬಳಿಕ ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಒಪ್ಪಿಸುತ್ತಲೇ ಅದು ಷರತ್ತುಗಳನ್ನು ಪೋಣಿಸುತ್ತ ಹೋಗುತ್ತದೆ. ವಾರ್ಷಿಕ ಪೊಗದಿ 35 ಲಕ್ಷ ರೂಪಾಯಿ. ಗವರ್ನರ್ ಜನರಲ್ ಒಪ್ಪಿಗೆಯಿಲ್ಲದೆ ಆಡಳಿತ ಪದ್ಧತಿಯಲ್ಲಿ ಮುಖ್ಯ ಬದಲಾವಣೆ ಕೂಡದು. ಹಣಕಾಸು, ತೆರಿಗೆ, ನ್ಯಾಯದಾನದಲ್ಲಿ ಅವರ ಸಲಹೆಯಂತೆ ನಡೆಯಬೇಕು. ಷರತ್ತು ಮುರಿದರೆ ರಾಜ್ಯವನ್ನು ಮರಳಿ ವಶಕ್ಕೆ ತೆಗೆದುಕೊಳ್ಳುವ ಹಕ್ಕು ಅವರದು. ಇಷ್ಟು ಬಿಗಿಯಾದ ಕಟ್ಟಿನೊಳಗೆ ಪ್ರಜೆಗಳ ಸಭೆಯೊಂದನ್ನು ಕರೆದ ರಂಗಾಚಾರ್ಲು ಅವರ ಜಾಣ್ಮೆ ಗೊತ್ತಾಗುವುದು ಈ ಷರತ್ತುಗಳನ್ನು ಓದಿದಾಗಲೇ. ಭಾಷಣಕಾರರು ಹೊಗಳುವುದಕ್ಕಿಂತ ಅವರು ದೊಡ್ಡವರು.

ಇನ್ನು 1923ಕ್ಕೆ ಬರೋಣ ಎನ್ನುವಷ್ಟರಲ್ಲಿ, ಅದಕ್ಕಿಂತ ಮಹತ್ವದ ಒಂದು ಎಳೆ ಕೈಗೆ ಸಿಕ್ಕಿದೆ. ಇಂದಿನ ಭಾರತ ಸಂವಿಧಾನದ ಯಾವುದೇ ಪ್ರತಿಯಲ್ಲಿ ಏಳನೆಯ ಭಾಗ ತೆರೆದು ನೋಡಿ. ಅನುಚ್ಛೇದ 238ರ ಜಾಗದಲ್ಲಿ ಪಠ್ಯವೇ ಇಲ್ಲ. 1956ರ ಏಳನೇ ತಿದ್ದುಪಡಿಯಿಂದ ರದ್ದಾಯಿತೆಂದು ಅಡಿಟಿಪ್ಪಣಿ ಹೇಳುತ್ತದೆ. ಪರೀಕ್ಷೆಯ ಗೈಡುಗಳಲ್ಲಿ ಓದಿ ಬೆಳೆದವರಿಗೆ ಆ ಸಾಲು ಅಲ್ಲಿಗೇ ಮುಗಿಯಿತು. ಜಾರಿಯಲ್ಲಿರುವ ಪಠ್ಯವಷ್ಟೇ ಸಾಕು ಎನ್ನುವ ಆ ಪಂಥದೊಡನೆ ನನ್ನ ಜಗಳ ಹಳೆಯದು.

1950ರ ಮುದ್ರಣದಲ್ಲಿ ಅದೇ 238 ತುಂಬಿಕೊಂಡಿದೆ. ರಾಜ್ಯಗಳ ಕುರಿತ ಅನುಚ್ಛೇದಗಳನ್ನು 'ಬಿ' ವರ್ಗದ, ಎಂದರೆ ಹಿಂದಿನ ಸಂಸ್ಥಾನಗಳ, ರಾಜ್ಯಗಳಿಗೆ ಅನ್ವಯಿಸುವಾಗ ರಾಜ್ಯಪಾಲರ ಬದಲು ರಾಜಪ್ರಮುಖ ಎಂದು ಓದಿಕೊಳ್ಳಬೇಕು ಎನ್ನುತ್ತದೆ. ಶಾಸಕಾಂಗದ ವಿಚಾರಕ್ಕೆ ಬಂದಾಗ ಮೈಸೂರಿಗೆ ಎರಡು ಸದನ, ಉಳಿದ 'ಬಿ' ರಾಜ್ಯಗಳಿಗೆ ಒಂದು ಎಂದು ಹೆಸರು ಹಿಡಿದೇ ಹೇಳುತ್ತದೆ. ನಮ್ಮ ವಿಧಾನ ಪರಿಷತ್ತಿನ ಬೇರು ಈ ಸಾಲಿನಲ್ಲಿದೆ. 1956ರಲ್ಲಿ 238 ಹೋಯಿತು, ಮೈಸೂರಿನ ಹೆಸರು ಎರಡು ಸದನದ ರಾಜ್ಯಗಳನ್ನು ಪಟ್ಟಿ ಮಾಡುವ ಅನುಚ್ಛೇದ 168ಕ್ಕೆ ಬಂತು. 1973ರಲ್ಲಿ ಆ ಹೆಸರು ಕರ್ನಾಟಕ ಎಂದಾಯಿತು.

ಈ ವಿಶೇಷ ಸ್ಥಾನ ಮೈಸೂರಿಗೇ ಏಕೆ? ಇಲ್ಲಿಯೇ 1923 ಮರಳಿ ಕೆಲಸಕ್ಕೆ ಬರುತ್ತದೆ. 1907ರಲ್ಲಿ ಹುಟ್ಟಿದ ನ್ಯಾಯವಿಧಾಯಕ ಸಭೆ 1923ರಲ್ಲಿ 50 ಸದಸ್ಯರ ಸಭೆಯಾಗಿ ಬೆಳೆದು, ಪ್ರಜಾಪ್ರತಿನಿಧಿ ಸಭೆಯ ಜೊತೆಜೊತೆಗೇ ನಡೆಯಿತು. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರು ಭಾರತದ ಸಂವಿಧಾನವೇ ಮೈಸೂರಿಗೂ ಸಂವಿಧಾನ ಎಂದು ಘೋಷಿಸಿದರು. ಡಿಸೆಂಬರ್ 16ರಂದು ಎರಡೂ ಸಭೆಗಳು ವಿಸರ್ಜನೆಯಾಗಿ, ಮೈಸೂರಿನ ಸಂವಿಧಾನ ಸಭೆಯೇ ತಾತ್ಕಾಲಿಕ ಶಾಸನಸಭೆಯಾಯಿತು. ಮರುತಿಂಗಳೇ ಜಾರಿಗೆ ಬಂದ ಸಂವಿಧಾನ ಮೈಸೂರಿಗೆ ಮತ್ತೆ ಎರಡು ಸದನ ಕೊಟ್ಟಿತು. ಎರಡು ಸಭೆಗಳ ದೀರ್ಘ ರೂಢಿಯಿದ್ದ ರಾಜ್ಯಕ್ಕೆ ಈ ಸಾಲು ಆಕಸ್ಮಿಕವಾಗಿ ಬಂದದ್ದಲ್ಲ ಎಂಬುದು ನನ್ನ ಖಚಿತ ನಿಲುವು.

ಪರಿಷತ್ತು ಬೇಕೆ, ಬೇಡವೆ ಎಂಬ ವಾದ ಆಗಾಗ ಏಳುತ್ತದೆ. ಯಾವ ಪಕ್ಷದವರಾದರೂ ವಾದ ಮಾಡಲಿ, ಮೊದಲು ರದ್ದಾದ ಪಠ್ಯ ಓದಲಿ. ಹಳೆ ಪುಸ್ತಕದಂಗಡಿಯಲ್ಲಿ 1956ಕ್ಕೆ ಮುಂಚಿನ ಸಂವಿಧಾನದ ಪ್ರತಿ ಕಣ್ಣಿಗೆ ಬಿದ್ದರೆ, ಚೌಕಾಸಿ ಮಾಡದೆ ಕೊಂಡುಬಿಡಿ.